ಮನೆಯಲ್ಲಿ ಟ್ರಕ್ಕಿನ ಟೈಮಿಂಗ್ ಚೈನು



ಯಂತ್ರದ ವಿಚಾರವೆಂದೊಡನೆ ಅದು ಮೆಕ್ಯಾನಿಕ್ಕಿಗೆ ಸೇರಿದ್ದೆಂದು ವಿದ್ಯಾವಂತರಾದ ನಾವು ಸಾಮಾನ್ಯವಾಗಿ ಮುಖ ತಿರುಗಿಸುತ್ತೇವೆ. ಅಮೆರಿಕಾ ದೇಶದಲ್ಲಿ ರೂಢಿ ಬೇರೆ. ಅಲ್ಲಿ ರೈತ, ಬಡಗಿ, ಮನೆ ಕಟ್ಟುವವನು ಇವರಲ್ಲಿ ಅನೇಕರ ಜೀವನವು ಪಿಕಪ್ ಎಂಬ ಚಿಕ್ಕ ಟ್ರಕ್ಕನ್ನು ನೆಚ್ಚಿದೆ. ಅದು ಒಂದು ವಾರ ನಿಂತರೆ ಒಂದು ವಾರದ ಸಂಪಾದನೆಯೂ ನಿಂತಂತೆಯೇ. ಆದಕಾರಣ ತಮ್ಮ ಮನೆಯ ಷೆಡ್ಡಿನಲ್ಲಿಯೇ ಟ್ರಕ್ಕನ್ನು ಬಿಚ್ಚಿ ಸರಿಪಡಿಸುವವರು ಅಲ್ಲಿ ವಿರಳವಲ್ಲ. ಇಂಥ ಕೆಲಸಗಳಲ್ಲಿ ಬಹಳ ನಾಜೂಕಾದದ್ದು ಟೈಮಿಂಗ್ ಚೈನನ್ನು ಬದಲಾಯಿಸುವುದು. ಅದನ್ನು ಕುರಿತು ನಾವು ಈ ಹೊತ್ತು ನಾಲ್ಕು ಮಾತುಗಳನ್ನಾಡುತ್ತೇವೆ.

ಈ ಚೈನು ಮಾಡುವ ಕೆಲಸವೇನು? ಎಂಜಿನ್ನಿನ ಕೆಳಗಡೆ ಪಿಸ್ಟನ್ನುಗಳಿಂದ ತಿರುಗುವ ಕ್ರ್ಯಾಂಕ್ ಶಾಫ್ಟ್ ಇದೆ. ಮೇಲುಗಡೆ ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಇದೆ. ಕೆಳಗಿನದು ಎರಡು ಸುತ್ತು ತಿರುಗುವಷ್ಟರಲ್ಲಿ ಮೇಲಿನದು ಒಂದೇ ಸುತ್ತು ತಿರುಗಬೇಕು. ಅದಕ್ಕಾಗಿ ಮೇಲಿನ ಹಲ್ಲುಚಕ್ರಕ್ಕೆ ಕೆಳಗಿನದಕ್ಕಿಂತ ಎರಡರಷ್ಟು ಹಲ್ಲುಗಳಿರುತ್ತವೆ. ಹಾಡುವವನನ್ನೂ ಮೃದಂಗ ನುಡಿಸುವವನನ್ನೂ ತಾಳವು ಹೇಗೆ ಹಿಡಿದಿಡುವುದೋ ಹಾಗೆ ಇವೆರಡನ್ನೂ ಚೈನು ಹಿಡಿದಿಡುತ್ತದೆ. ಕಚೇರಿಯಲ್ಲಿ ತಾಳ ತಪ್ಪಿದರೆ ಕೇಳುವವರು ನಕ್ಕು ಸುಮ್ಮನಾಗಬಹುದು. ಎಂಜಿನ್ನಿನಲ್ಲಿ ತಪ್ಪಿದರೆ ಮೇಲೇರುವ ಪಿಸ್ಟನ್ನು ತೆರೆದಿರುವ ವಾಲ್ವಿಗೆ ತಗುಲಿ ಅದನ್ನು ಬಾಗಿಸೀತು. ಆ ಬಳಿಕದ ಖರ್ಚು ಬಡವನ ಶಕ್ತಿಗೆ ಮೀರಿದ್ದು.

ಚೈನು ಸವೆದಾಗ ಅದು ಹಿಗ್ಗಿತೆಂದು ಹೇಳುವುದುಂಟು. ವಾಸ್ತವವಾಗಿ ಹಿಗ್ಗುವುದು ಉಕ್ಕಲ್ಲ. ಪ್ರತಿಯೊಂದು ಕೊಂಡಿಯ ಪಿನ್ನೂ ಕೂದಲೆಳೆಯಷ್ಟೂ ಅಲ್ಲದ ಅಳತೆಯಲ್ಲಿ ಸವೆಯುತ್ತದೆ; ಅವೆಲ್ಲ ಕೂಡಿ ಇಡೀ ಚೈನು ಉದ್ದವಾಗುತ್ತದೆ. ಕಾಲಕಾಲಕ್ಕೆ ಬದಲಾಯಿಸದೆ ಬಿಟ್ಟ ಕೊಳಕು ಎಣ್ಣೆಯೇ ಈ ಸವೆತಕ್ಕೆ ದೊಡ್ಡ ಕಾರಣ.

ಟೊಯೋಟಾ ಕಂಪೆನಿಯ 22ಆರ್ ಎಂಬ ಎಂಜಿನ್ನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ನಾಲ್ಕು ಸಿಲಿಂಡರಿನ, 2,366 ಘನ ಸೆಂಟಿಮೀಟರಿನ ಈ ಎಂಜಿನ್ನು 1980ರ ದಶಕದ ಅಮೆರಿಕದ ಪಿಕಪ್ಪುಗಳಲ್ಲಿ ದೀರ್ಘಾಯುಷ್ಯಕ್ಕೆ ಹೆಸರಾಯಿತು. ಮೊದಲು ಇದಕ್ಕೆ ಎರಡು ಸಾಲಿನ ಚೈನಿತ್ತು. ಆಮೇಲೆ ಒಂದೇ ಸಾಲಿನದು ಬಂದಿತು, ಅದನ್ನು ನಡೆಸುವ ಗೈಡುಗಳು ಪ್ಲಾಸ್ಟಿಕ್ಕಿನವಾದುವು. ವರ್ಷಗಳು ಕಳೆದಂತೆ ಆ ಗೈಡು ಪೆಡಸಾಗಿ ಮುರಿಯುತ್ತದೆ. ಆಗ ಸಡಿಲವಾದ ಚೈನು ಅಲ್ಯೂಮಿನಿಯಮ್ ಮುಚ್ಚಳವನ್ನು ಉಜ್ಜುತ್ತ ಉಜ್ಜುತ್ತ ಅದರೊಳಗಿನ ನೀರಿನ ದಾರಿಯನ್ನೇ ತೂತು ಮಾಡುತ್ತದೆ. ನೀರು ಎಣ್ಣೆಯೊಡನೆ ಬೆರೆತು ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ಬೇರಿಂಗುಗಳು ಕೆಡುತ್ತವೆ. ಆದರೆ ಇದು ಮುನ್ಸೂಚನೆಯಿಲ್ಲದೆ ಬರುವ ವಿಪತ್ತಲ್ಲ. ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿದೊಡನೆ, ಟೆನ್ಷನರಿಗೆ ಎಣ್ಣೆಯ ಒತ್ತಡ ಸಿಕ್ಕುವವರೆಗೆ, ಮುಂಭಾಗದಲ್ಲಿ ಕಟಕಟ ಎಂಬ ಸದ್ದು ಕೇಳುತ್ತದೆ. ತುಸು ಹೊತ್ತಿಗೆ ನಿಲ್ಲುವ ಸದ್ದೆಂದು ಅದನ್ನು ಅಲಕ್ಷ್ಯ ಮಾಡಕೂಡದು.

ಮನೆಯಲ್ಲಿ ಈ ಕೆಲಸಕ್ಕೆ ತೊಡಗುವವನಿಗೆ ಕಾರ್ಖಾನೆಯ ಸಲಕರಣೆಗಳಿಲ್ಲ. ಆದರೆ ಕಾರ್ಖಾನೆಗೆ ದುರ್ಲಭವಾದ ಒಂದು ವಸ್ತು ಅವನಲ್ಲಿ ಉಂಟು. ಅದೇ ಸಾವಧಾನ. ಅಲ್ಲಿ ಗಂಟೆಗಿಷ್ಟೆಂದು ಕೂಲಿಯ ಲೆಕ್ಕ; ಇಲ್ಲಿ ಒಂದು ಗುರುತನ್ನು ಮೂರು ಸಲ ನೋಡಿದರೂ ಬೇಡವೆನ್ನುವವರಿಲ್ಲ. ಈ ಅನುಕೂಲವನ್ನು ಬಳಸಿಕೊಳ್ಳುವವನಿಗೇ ಈ ಕೆಲಸ ಸಲ್ಲುತ್ತದೆ.

ಮೊದಲು ಬ್ಯಾಟರಿಯ ತಂತಿಯನ್ನು ಕಳಚಿ, ನೀರನ್ನೂ ಎಣ್ಣೆಯನ್ನೂ ಇಳಿಸಿ, ರೇಡಿಯೇಟರು, ಫ್ಯಾನು, ಬೆಲ್ಟುಗಳನ್ನು ತೆಗೆಯತಕ್ಕದ್ದು. ಒಂದೊಂದು ಕಡೆಯ ಬೋಲ್ಟುಗಳನ್ನು ಒಂದೊಂದು ಡಬ್ಬಿಯಲ್ಲಿಟ್ಟು ಚೀಟಿ ಅಂಟಿಸಬೇಕು. ಆಮೇಲೆ ಮೊದಲನೆಯ ಸಿಲಿಂಡರಿನ ಪಿಸ್ಟನ್ನು ತುತ್ತತುದಿಗೆ ಬರುವಂತೆ ಎಂಜಿನ್ನನ್ನು ಕೈಯಿಂದ ತಿರುಗಿಸಬೇಕು. ಪಿಸ್ಟನ್ನು ಒಂದು ಆವರ್ತನದಲ್ಲಿ ಎರಡು ಸಲ ತುದಿಗೆ ಬರುವುದರಿಂದ, ಆ ಸಿಲಿಂಡರಿನ ರಾಕರುಗಳು ಸಡಿಲವಾಗಿವೆಯೇ ಎಂದು ಮುಟ್ಟಿ ನೋಡುವುದು ಅಗತ್ಯ. ಇನ್ನು ಮುಚ್ಚಳದ ಸರದಿ. ಸಿಲಿಂಡರ್ ಹೆಡ್ಡಿನ ಮುಂದುಗಡೆ, ನಿಂತ ಎಣ್ಣೆಯ ಕೆಳಗೆ, ಒಂದು ಬೋಲ್ಟು ಅಡಗಿರುತ್ತದೆ. ಅದನ್ನು ತೆಗೆಯದೆ ಮುಚ್ಚಳವನ್ನು ಮೀಟಿದರೆ ಮುಚ್ಚಳವೇ ಸೀಳೀತು.

ಹೊಸ ಚೈನಿನಲ್ಲಿ ಕೆಲವು ಕೊಂಡಿಗಳು ಬೇರೆ ಬಣ್ಣದಿಂದ ಹೊಳೆಯುತ್ತವೆ. ಒಂಟಿಯಾದ ಹೊಳೆಯುವ ಕೊಂಡಿಯು ಕೆಳಗಿನ ಚಕ್ರದ ಗುರುತಿಗೆ ಸರಿಯಾಗಿ ಕೂಡಬೇಕು. ಮೇಲಿನ ಚಕ್ರದ ಗುರುತು ಜೋಡಿ ಕೊಂಡಿಗಳ ನಡುವೆ ನಿಲ್ಲಬೇಕು. ಹಲ್ಲುಚಕ್ರ, ಟೆನ್ಷನರು, ಗೈಡುಗಳನ್ನು ಹಳೆಯವನ್ನೇ ಉಳಿಸುವುದು ಉಳಿತಾಯವಲ್ಲ. ಉಕ್ಕಿನ ಬೆನ್ನುಳ್ಳ ಗೈಡುಗಳು ದೊರೆಯುತ್ತವೆ, ಅವನ್ನೇ ಹಾಕುವುದು ಲೇಸು.

ಜೋಡಿಸಿದ ಮೇಲೆ ಕೂಡಲೇ ಕೀಲಿ ತಿರುಗಿಸಬಾರದು. ಸ್ಪ್ಯಾನರಿನಿಂದ ಕ್ರ್ಯಾಂಕನ್ನು ನಿಧಾನವಾಗಿ ಎರಡು ಪೂರ್ಣ ಸುತ್ತು ತಿರುಗಿಸಬೇಕು. ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ನಿಲ್ಲಿಸಿ ಮತ್ತೆ ಪರೀಕ್ಷಿಸಬೇಕು. ಎರಡು ಸುತ್ತಿನ ಬಳಿಕ ಹೊಳೆಯುವ ಕೊಂಡಿಗಳು ಗುರುತಿನಿಂದ ಸರಿದಿರುವುದನ್ನು ಕಂಡು ಹೊಸಬರು ಗಾಬರಿಯಾಗುವುದುಂಟು. ಅದು ಸಹಜ, ಚೈನು ಚಕ್ರಕ್ಕಿಂತ ಉದ್ದವಾದುದರಿಂದ ಅವು ಬೇಗನೆ ಮತ್ತೆ ಕೂಡಲಾರವು. ಚಕ್ರಗಳ ಸ್ಥಾನ ಸರಿಯಿದ್ದರೆ ಸಾಕು.

ಎಣ್ಣೆಗೆ ಆಗಲೇ ಕಾಫಿಯ ಬಣ್ಣ ಬಂದು, ತಳದಿಂದ ಗುದ್ದುವ ಸದ್ದು ಹುಟ್ಟಿದ್ದರೆ, ಅದು ಷೆಡ್ಡಿನಲ್ಲಿ ಮುಗಿಯುವ ಕೆಲಸವಲ್ಲ. ಆಗ ತಿಳಿದವರಲ್ಲಿಗೆ ಒಯ್ಯುವುದೇ ಜಾಣತನ. ಸದ್ದು ಕೇಳಿದ ಮೊದಲ ವಾರದಲ್ಲೇ ಎದ್ದವನಿಗೆ ಒಂದೆರಡು ದಿನಗಳ ದುಡಿಮೆ, ಕೆಲವು ಬಿಡಿಭಾಗಗಳ ಬೆಲೆ. ತಡಮಾಡಿದವನಿಗೆ ಇಡೀ ಎಂಜಿನ್ನಿನ ಬೆಲೆ. ಕೈಗೆ ಸ್ಪ್ಯಾನರು ಹಿಡಿಯದವರೂ ಈ ಸದ್ದನ್ನು ಗುರುತಿಸಬಲ್ಲವರಾದರೆ ನಮ್ಮ ಈ ಮಾತುಗಳು ಸಾರ್ಥಕ.