ಮುಖ್ತಾರ್‌ನಾಮೆ ಒಡೆತನವಲ್ಲ, ಅಮಾನತು

ಮಾನ್ಯ ಹಿರಿಯರೇ, ಬಸವಕಲ್ಯಾಣ ಮತ್ತು ಹುಮನಾಬಾದಿನ ಸಹೋದರ ಸಹೋದರಿಯರೇ,

ನಮ್ಮ ಈ ಎರಡು ಊರುಗಳ ಅನೇಕ ಮನೆಗಳಲ್ಲಿ ವೃದ್ಧ ತಂದೆ-ತಾಯಿ ಮಾತ್ರ ಉಳಿದಿದ್ದಾರೆ. ಮಕ್ಕಳು ಹೈದರಾಬಾದಿನಲ್ಲೋ, ಮುಂಬಯಿಯಲ್ಲೋ, ಕೊಲ್ಲಿ ರಾಷ್ಟ್ರಗಳಲ್ಲೋ ದುಡಿಯುತ್ತಿದ್ದಾರೆ. ಬಾಡಿಗೆ ವಸೂಲಿಗೆ, ಕಂದಾಯ ಕಟ್ಟಲಿಕ್ಕೆ ತಂದೆಗೆ ಶಕ್ತಿ ಸಾಲದಾದಾಗ ಮುಖ್ತಾರ್‌ನಾಮೆಯ ಮಾತು ಬರುತ್ತದೆ. ಆದರೆ ಎಷ್ಟೋ ಕುಟುಂಬಗಳಲ್ಲಿ ಆ ಮಾತು ತಡವಾಗಿ ಬರುತ್ತದೆ.

ತಡವಾದರೆ ಏನಾಗುತ್ತದೆ? 1872ರ ಭಾರತೀಯ ಕರಾರು ಕಾಯ್ದೆಯ 201ನೆಯ ಕಲಮಿನಂತೆ, ಅಧಿಕಾರ ಕೊಟ್ಟವರು ಮರಣ ಹೊಂದಿದರೆ ಅಥವಾ ಬುದ್ಧಿಸ್ಥಿಮಿತ ಕಳೆದುಕೊಂಡರೆ ಮುಖ್ತಾರ್‌ನಾಮೆ ಸಾಮಾನ್ಯವಾಗಿ ಅಲ್ಲಿಗೇ ಕೊನೆಗೊಳ್ಳುತ್ತದೆ. ಮರೆವಿನ ರೋಗ ಬಲಿತ ಬಳಿಕ ತಾಯಿಯ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಅಧಿಕಾರವಾಗದು, ಅದು ವಂಚನೆ. ಬುದ್ಧಿ ಮಂಕಾದ ನಂತರವೂ ಉಳಿಯುವ ಅಧಿಕಾರ ಪತ್ರ ಇಂಗ್ಲೆಂಡಿನಲ್ಲಿದೆ, ನಮ್ಮಲ್ಲಿಲ್ಲ. ಆಗ ಪೋಷಕರ ನೇಮಕಕ್ಕಾಗಿ ನ್ಯಾಯಾಲಯದ ಮೊರೆ ಹೋಗಬೇಕು. ಪ್ರಜ್ಞಾಹೀನ ರೋಗಿಗಳ ವಿಷಯದಲ್ಲಿ ಕೇರಳ ಹೈಕೋರ್ಟು 2019ರಲ್ಲಿ ಇದಕ್ಕೆ ಮಾರ್ಗಸೂಚಿ ನೀಡಿತು. ನಮಗಾದರೋ ಕಲಬುರಗಿಯ ಹೈಕೋರ್ಟ್ ಪೀಠದವರೆಗೂ ಅಲೆಯಬೇಕಾದೀತು.

ಆದುದರಿಂದ ಹಿರಿಯರ ಬುದ್ಧಿ ಸ್ಪಷ್ಟವಾಗಿರುವಾಗಲೇ, ಅವರ ಸ್ವಂತ ಇಚ್ಛೆಯಿಂದಲೇ ಪತ್ರವಾಗಲಿ. ನಡೆಯಲಾಗದವರನ್ನು ಕಚೇರಿಗೆ ಹೊತ್ತೊಯ್ಯಬೇಕಿಲ್ಲ. 1908ರ ನೋಂದಣಿ ಕಾಯ್ದೆಯ 33ನೆಯ ಕಲಮಿನಂತೆ ಉಪನೋಂದಣಾಧಿಕಾರಿ ಮನೆಗೇ ಬಂದು ವಿಚಾರಿಸಬಹುದು. ಬರೇ ಬ್ಯಾಂಕಿನ ಹಣ ತೆಗೆಯುವ ತೊಂದರೆಯಾಗಿದ್ದರೆ ಮುಖ್ತಾರ್‌ನಾಮೆಯೇ ಬೇಕಾಗದಿರಬಹುದು. ಅಶಕ್ತ ಖಾತೆದಾರರ ಹೆಬ್ಬೆಟ್ಟಿನ ಗುರುತನ್ನು ಇಬ್ಬರು ಸಾಕ್ಷಿಗಳ ಸಮ್ಮುಖದಲ್ಲಿ ಸ್ವೀಕರಿಸಲು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯಾಗಿರಬೇಕು.

ಸಹೋದರರೇ, ಇನ್ನೊಂದು ಕಹಿ ಸತ್ಯವನ್ನು ಹೇಳಲೇಬೇಕು. ತಂದೆ ಬಾಡಿಗೆ ವಸೂಲಿಗೆಂದು ಸಹಿ ಹಾಕುತ್ತಾರೆ. ಪತ್ರದಲ್ಲಿ ಮಾರಾಟದ ಅಧಿಕಾರವೂ ಸೇರಿರುತ್ತದೆ. ಒಂದು ದಿನ ಮನೆ ಕೈಬಿಟ್ಟು ಹೋಗುತ್ತದೆ, ಹೆಣ್ಣುಮಕ್ಕಳಿಗೆ ಸುದ್ದಿಯೂ ತಿಳಿಯುವುದಿಲ್ಲ. ಮುಖ್ತಾರ್‌ನಾಮೆ ಯಾರನ್ನೂ ಮಾಲಿಕರನ್ನಾಗಿ ಮಾಡುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟಪಡಿಸಿದೆ. ವ್ಯವಹಾರ ನೋಡಿಕೊಳ್ಳಲು ಮಗನಿಗೋ ಮಗಳಿಗೋ ಪ್ರಾಮಾಣಿಕವಾಗಿ ಕೊಡುವ ಅಧಿಕಾರಕ್ಕೆ ಅದು ಅಡ್ಡಿ ಮಾಡಿಲ್ಲ.

ಹೀಗಾಗಿ ಯಾವ ಕೆಲಸಕ್ಕೆ ಅಧಿಕಾರವೋ ಅಷ್ಟನ್ನೇ ಬರೆಸಿರಿ. ಸಹಿಗೆ ಮುನ್ನ ಹಿರಿಯರಿಗೆ ತಿಳಿಯುವ ಭಾಷೆಯಲ್ಲಿ, ಉರ್ದುವಾಗಲಿ ಕನ್ನಡವಾಗಲಿ, ಓದಿ ಹೇಳಿರಿ. ಹೆಣ್ಣುಮಕ್ಕಳನ್ನೂ ಎದುರಿಗೆ ಕೂರಿಸಿರಿ. ಕೊಟ್ಟವರು ಕೇಳಿದಾಗ ಲೆಕ್ಕ ಒಪ್ಪಿಸುವುದು ಕಾನೂನಿನ ಕರ್ತವ್ಯ; ವಿಶ್ವಾಸ ಹೋದರೆ ಅಧಿಕಾರವನ್ನು ಹಿಂಪಡೆಯುವ ಹಕ್ಕೂ ಸಾಮಾನ್ಯವಾಗಿ ಅವರಿಗಿದೆ.

ಸಾಲದ ವ್ಯವಹಾರವನ್ನು ಬರೆದಿಡಬೇಕೆಂದೂ, ಹೇಳಿ ಬರೆಸಲಾಗದ ದುರ್ಬಲರ ಪರವಾಗಿ ಅವರ ಪೋಷಕರು ನ್ಯಾಯಯುತವಾಗಿ ಬರೆಸಬೇಕೆಂದೂ ಪವಿತ್ರ ಕುರ್‌ಆನಿನ ಅಲ್‌ ಬಕರ ಅಧ್ಯಾಯ ಕಲಿಸುತ್ತದೆ. ತಂದೆಯ ಸಹಿ ನಮ್ಮ ಕೈಗೆ ಬಂದಿದೆಯೆಂದರೆ ಆಸ್ತಿ ಬಂದಿದೆಯೆಂದಲ್ಲ, ಹೊಣೆ ಬಂದಿದೆಯೆಂದು ಅರ್ಥ. ಇಂದು ಮನೆಗೆ ಹೋದ ಮೇಲೆ ಹಿರಿಯರ ಬಳಿ ಕುಳಿತು, ಅವರಿಗೆ ಬೇಕಾದುದೇನೆಂದು ಮೊದಲು ಕೇಳೋಣ.