ಜೀನ್‌ಗಳ ಪಟ್ಟಿ ಹೇಳುವುದೇನು? ಕ್ಯಾನ್ಸರ್ ಮತ್ತು ಹೃದ್ರೋಗದಲ್ಲಿ ಜೀನ್ ಅಭಿವ್ಯಕ್ತಿಯ ಓದು



ಈ ದತ್ತಿ ಉಪನ್ಯಾಸ ಯಾರ ನೆನಪಿನಲ್ಲಿ ನಡೆಯುತ್ತಿದೆಯೋ ಆ ಡಾಕ್ಟರು ವೈದ್ಯವಿಜ್ಞಾನವನ್ನು ಕನ್ನಡದಲ್ಲಿ ಹೇಳಬಹುದೆಂದು ನಂಬಿದ್ದವರು, ಹೇಳಿ ತೋರಿಸಿದವರು. ಅಂಕಿಸಂಖ್ಯಾಶಾಸ್ತ್ರದ ಕಡೆಯಿಂದ ಬಂದ ನನ್ನನ್ನು ಅವರ ಹೆಸರಿನ ವೇದಿಕೆಗೆ ಕರೆದಿದ್ದೀರಿ.  

ಪೀಠಿಕೆಯನ್ನು ಬೇಗ ಮುಗಿಸುತ್ತೇನೆ. ಅದು ಪಿಯುಸಿ ಪಠ್ಯದಲ್ಲೇ ಸಿಗುತ್ತದೆ. ಯಕೃತ್ತಿನ ಕೋಶದಲ್ಲೂ ಹೃದಯದ ಕೋಶದಲ್ಲೂ ಇರುವ ಡಿಎನ್‌ಎ ಒಂದೇ. ಎರಡೂ ಬೇರೆಯಾಗುವುದು ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂಬುದರಿಂದ. ಕೆಲಸದಲ್ಲಿರುವ ಜೀನ್ ತನ್ನ ಆರ್‌ಎನ್‌ಎ ಪ್ರತಿಗಳನ್ನು ಹೊರಡಿಸುತ್ತದೆ. ಸಾವಿರಾರು ಜೀನ್‌ಗಳ ಈ ಪ್ರತಿಗಳನ್ನು ಒಟ್ಟಿಗೆ ಅಳೆಯುವುದೇ ಜೀನ್ ಅಭಿವ್ಯಕ್ತಿಯ ಓದು. 1995ರಲ್ಲಿ ಸ್ಟ್ಯಾನ್‌ಫರ್ಡ್‌ನ ಪ್ಯಾಟ್ರಿಕ್ ಬ್ರೌನ್ ಮತ್ತು ಸಂಗಡಿಗರು ಗಾಜಿನ ಮೇಲೆ ಡಿಎನ್‌ಎ ಚುಕ್ಕಿಗಳನ್ನಿಟ್ಟು ಒಂದು ಪುಟ್ಟ ಸಸ್ಯದ 45 ಜೀನ್‌ಗಳನ್ನು ಅಳೆದರು. ಮೈಕ್ರೊಅರೇ ತಂತ್ರ ಹೀಗೆ ಬಂತು. ಇಂದು ಅದರ ಜಾಗದಲ್ಲಿ ಆರ್‌ಎನ್‌ಎ ಸೀಕ್ವೆನ್ಸಿಂಗ್ ಇದೆ.

ಮೊದಲ ಫಲಗಳು ದೊಡ್ಡವೇ ಆಗಿದ್ದವು. 1999ರಲ್ಲಿ ಟಾಡ್ ಗೊಲಬ್ ತಂಡ 38 ಲ್ಯುಕೀಮಿಯಾ ರೋಗಿಗಳ ಅಸ್ಥಿಮಜ್ಜೆಯಲ್ಲಿ ಸುಮಾರು 6,800 ಜೀನ್‌ಗಳನ್ನು ಅಳೆದು, 50 ಜೀನ್‌ಗಳಿಂದ ಎರಡು ಬಗೆಯ ಲ್ಯುಕೀಮಿಯಾಗಳನ್ನು ಬೇರ್ಪಡಿಸಿತು; ಬೇರೆ 34 ಮಾದರಿಗಳಲ್ಲಿ ಅದನ್ನು ಪರೀಕ್ಷಿಸಿಯೂ ನೋಡಿತು. ಮರುವರ್ಷ ಸೂಕ್ಷ್ಮದರ್ಶಕದಡಿ ಒಂದೇ ಎಂದು ಕಾಣುವ ಒಂದು ಲಿಂಫೋಮಾದೊಳಗೆ ಎರಡು ಬಗೆಯ ರೋಗಗಳಿರುವುದನ್ನು ಅಲಿಜಾದೆ ಮತ್ತು ಸಂಗಡಿಗರು ತೋರಿಸಿದರು. ಅದೇ ವರ್ಷ ಚಾರ್ಲ್ಸ್ ಪೆರೂ ಸ್ತನ ಕ್ಯಾನ್ಸರಿನ ಒಳಬಗೆಗಳನ್ನು ಗುರುತಿಸಿದರು. ಈ ಒಳಬಗೆಗಳ ಹೆಸರುಗಳು ಇಂದು ಕ್ಯಾನ್ಸರ್ ವೈದ್ಯರ ದಿನದ ಮಾತಿನಲ್ಲಿ ಸೇರಿಹೋಗಿವೆ. ಈ ಗಳಿಕೆಗಳ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಶುರುವಾಗುವುದು ರೋಗವನ್ನು ಗುರುತಿಸುವ ಕೆಲಸದಿಂದ ರೋಗಿಯ ಭವಿಷ್ಯ ಹೇಳುವ ಕೆಲಸಕ್ಕೆ ದಾಟಿದಾಗ. 2002ರಲ್ಲಿ ಆಮ್‌ಸ್ಟರ್‌ಡ್ಯಾಮಿನ ನೆದರ್ಲೆಂಡ್ಸ್ ಕ್ಯಾನ್ಸರ್ ಸಂಸ್ಥೆಯ ಲಾರಾ ವಾನ್ ಟ್ ವೀರ್ ಮತ್ತು ಸಂಗಡಿಗರು 78 ಮಹಿಳೆಯರ ಗಡ್ಡೆಗಳನ್ನು ಓದಿದರು. ಎಲ್ಲರೂ 55 ವರ್ಷದೊಳಗಿನವರು. ಕಂಕುಳಿನ ದುಗ್ಧಗ್ರಂಥಿಗಳಿಗೆ ಕ್ಯಾನ್ಸರ್ ಹರಡಿರದವರು. ಅವರಲ್ಲಿ 34 ಮಂದಿಗೆ ಐದು ವರ್ಷದೊಳಗೆ ರೋಗ ದೂರದ ಅಂಗಗಳಿಗೆ ಹರಡಿತ್ತು, 44 ಮಂದಿಗೆ ಹರಡಿರಲಿಲ್ಲ. ಸುಮಾರು 25,000 ಜೀನ್‌ಗಳಿಂದ ಸೋಸಿ ಈ ಎರಡು ಗುಂಪುಗಳನ್ನು ಬೇರ್ಪಡಿಸುವ 70 ಜೀನ್‌ಗಳನ್ನು ಆರಿಸಿದರು. ಮುಂದೆ ಅದೇ ಮಾಮಾಪ್ರಿಂಟ್ ಪರೀಕ್ಷೆಯಾಯಿತು. 2007ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆಯನ್ನೂ ಪಡೆಯಿತು. 2005ರಲ್ಲಿ ಪಕ್ಕದ ರಾಟರ್‌ಡ್ಯಾಮಿನಿಂದ ಇನ್ನೊಂದು ಪಟ್ಟಿ ಬಂತು: 286 ರೋಗಿಗಳು, 76 ಜೀನ್‌ಗಳು. ಅದೇ ದೇಶ, ಅದೇ ರೋಗ, ಅದೇ ಪ್ರಶ್ನೆ. ಎರಡೂ ಪಟ್ಟಿಗಳಲ್ಲಿ ಸಮಾನವಾಗಿದ್ದ ಜೀನ್‌ಗಳು ಮೂರೇ ಮೂರು.

ಇಲ್ಲಿಂದ ಮುಂದಿನ ಜಗಳ ನನ್ನ ವೃತ್ತಿಜೀವನದ ಬಹುಭಾಗವನ್ನು ಹಿಡಿದಿಟ್ಟಿದೆ. ಅದರ ಮೇಲೆ ತುಸು ಹೆಚ್ಚು ಹೊತ್ತು ನಿಂತರೆ ನೀವು ಸಹಿಸಿಕೊಳ್ಳಬೇಕು.

ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಐಟನ್ ಡೊಮನಿ ತಂಡ 2005ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಅದೇ ದತ್ತಾಂಶವನ್ನು ತೆಗೆದುಕೊಂಡು, ಅಷ್ಟೇ ಚೆನ್ನಾಗಿ ಭವಿಷ್ಯ ಹೇಳುವ ಬೇರೆ ಬೇರೆ 70 ಜೀನ್‌ಗಳ ಪಟ್ಟಿಗಳನ್ನು ಕಟ್ಟಿ ತೋರಿಸಿತು. ಪಟ್ಟಿ ಗಟ್ಟಿಯಾಗಿ ನಿಲ್ಲಬೇಕಾದರೆ ಸಾವಿರಾರು ರೋಗಿಗಳು ಬೇಕೆಂದು ಮರುವರ್ಷ ಲೆಕ್ಕ ಹಾಕಿಯೂ ಹೇಳಿತು. ಅದೇ 2005ರಲ್ಲಿ ಫ್ರಾನ್ಸಿನ ಸ್ಟೆಫಾನ್ ಮಿಶಿಯೆಲ್ಸ್ ಮತ್ತು ಸಂಗಡಿಗರು ಆ ಹೊತ್ತಿನ ಏಳು ದೊಡ್ಡ ಅಧ್ಯಯನಗಳನ್ನು ಮತ್ತೆ ಲೆಕ್ಕಕ್ಕೆ ಹಚ್ಚಿದರು. ಯಾವ ರೋಗಿಗಳಿಂದ ಕಲಿಯುತ್ತೀರಿ ಎಂಬುದನ್ನು ಬದಲಿಸಿದ ಹಾಗೆಲ್ಲ ಪಟ್ಟಿಯೂ ಬದಲಾಯಿತು. ಏಳರಲ್ಲಿ ಐದು ಅಧ್ಯಯನಗಳ ವಿಂಗಡಣೆ ನಾಣ್ಯ ಚಿಮ್ಮುವುದಕ್ಕಿಂತ ಮೇಲೇಳಲಿಲ್ಲ. ನನ್ನ ವಿದ್ಯಾರ್ಥಿಗಳಿಗೆ ನಾನು ಕೊಡುವ ಮೊದಲ ಅಭ್ಯಾಸವೂ ಇದೇ: ಸಾರ್ವಜನಿಕವಾಗಿ ಸಿಗುವ ದತ್ತಾಂಶದಲ್ಲಿ ರೋಗಿಗಳನ್ನು ಚೀಟಿ ಎತ್ತಿ ಎರಡು ಪಾಲು ಮಾಡಿ, ಎರಡರಿಂದಲೂ ಪಟ್ಟಿ ತಯಾರಿಸಿ, ಪಕ್ಕಪಕ್ಕ ಇಟ್ಟು ನೋಡಿ.

ಇದಕ್ಕೆ ಎದುರು ಪಕ್ಷದವರು ಕೊಟ್ಟ ಉತ್ತರ ಹಗುರವಾದುದಲ್ಲ. 2006ರಲ್ಲಿ ಪೆರೂ ಬಳಗದ ಫ್ಯಾನ್ ಮತ್ತು ಸಂಗಡಿಗರು 295 ಗಡ್ಡೆಗಳ ಮೇಲೆ ಐದು ಬೇರೆ ಬೇರೆ ಪರೀಕ್ಷೆಗಳನ್ನು ನಡೆಸಿದರು. ಜೀನ್‌ಗಳ ಹೆಸರು ಹೊಂದದಿದ್ದರೂ ಐದರಲ್ಲಿ ನಾಲ್ಕು ಪರೀಕ್ಷೆಗಳು ಬಹುಮಟ್ಟಿಗೆ ಅದೇ ರೋಗಿಗಳತ್ತ ಬೆರಳು ತೋರಿದವು. ಹೆಸರು ಬೇರೆಯಾದರೇನು, ಒಳಗಿನ ಜೀವಶಾಸ್ತ್ರ ಒಂದೇ ಎಂದು ಅವರ ವಾದ. ಒಪ್ಪಿದೆ. ಹಾಗಾದರೆ ಆ ಒಂದೇ ಜೀವಶಾಸ್ತ್ರ ಯಾವುದು?

ಬ್ರಸೆಲ್ಸ್‌ನ ವೆನೆ, ದ್ಯೂಮೊಂ, ದೆತೂರ್ 2011ರಲ್ಲಿ ಇದಕ್ಕೆ ಕೊಟ್ಟ ಉತ್ತರವನ್ನು ಈ ಕ್ಷೇತ್ರ ಇನ್ನೂ ಪೂರ್ತಿ ಅರಗಿಸಿಕೊಂಡಿಲ್ಲ ಎಂಬುದು ನನ್ನ ಅಭಿಪ್ರಾಯ. ಅವರು ಸ್ತನ ಕ್ಯಾನ್ಸರಿಗೆ ಸಂಬಂಧವೇ ಇಲ್ಲದ ಪಟ್ಟಿಗಳನ್ನು ತಂದರು. ಊಟದ ನಂತರ ನಕ್ಕಾಗ ರಕ್ತಕೋಶಗಳಲ್ಲಿ ಬದಲಾಗುವ ಜೀನ್‌ಗಳ ಪಟ್ಟಿ ಅವುಗಳಲ್ಲೊಂದು. ಅದೂ ರೋಗಿಗಳ ಉಳಿವಿನೊಂದಿಗೆ ನಂಟು ತೋರಿಸಿತು! ಸುಮ್ಮನೆ ಚೀಟಿ ಎತ್ತಿದಂತೆ 100ಕ್ಕಿಂತ ಹೆಚ್ಚು ಜೀನ್‌ಗಳನ್ನು ಆರಿಸಿದರೆ, ಅಂಥ ಪಟ್ಟಿಗಳಲ್ಲಿ 90%ಕ್ಕಿಂತ ಹೆಚ್ಚಿನವು ನಂಟು ತೋರಿಸಿದವು. ಪ್ರಕಟವಾಗಿದ್ದ 47 ಪಟ್ಟಿಗಳನ್ನು ಅಷ್ಟೇ ಗಾತ್ರದ ಚೀಟಿ ಎತ್ತಿದ ಪಟ್ಟಿಗಳೊಂದಿಗೆ ಹೋಲಿಸಿದಾಗ, ಸುಮಾರು 60% ಗಮನಾರ್ಹವಾಗಿ ಮೇಲಿರಲಿಲ್ಲ. ಕಾರಣವನ್ನೂ ಅವರು ಹುಡುಕಿದರು. ಗಡ್ಡೆಯ ಕೋಶಗಳು ಎಷ್ಟು ವೇಗವಾಗಿ ವಿಭಜಿಸುತ್ತಿವೆ ಎಂಬ ಒಂದೇ ಸಂಗತಿ ಇಡೀ ಜೀನೋಮಿನ ಬಹುಭಾಗವನ್ನು ತನ್ನ ಜೊತೆ ಏರಿಳಿಸುತ್ತದೆ. ಎಲ್ಲಿ ಕೈಹಾಕಿದರೂ ಅದೇ ಸಿಗುತ್ತದೆ. ಆ ವೇಗವನ್ನು ಲೆಕ್ಕದಿಂದ ಕಳೆದಾಗ ಬಹುತೇಕ ಪಟ್ಟಿಗಳ ನಂಟು ಕರಗಿಹೋಯಿತು.

ವಿಭಜನೆಯ ವೇಗವೋ, ಪೆಥಾಲಜಿಸ್ಟರು ಬಹು ಹಿಂದಿನಿಂದ ಎಣಿಸುತ್ತಾ ಬಂದದ್ದು. ಗಡ್ಡೆಯ ಉಗ್ರತೆ ಅಳೆಯುವ 1957ರ ಬ್ಲೂಮ್–ರಿಚರ್ಡ್‌ಸನ್ ಶ್ರೇಣಿಯಲ್ಲೇ ಅದಿದೆ. ಇಲ್ಲಿ ನನ್ನ ಮಾತನ್ನು ತಪ್ಪಾಗಿ ತಿಳಿಯಬಾರದು. ಕಣ್ಣಿನ ಎಣಿಕೆ ಒಬ್ಬ ಪೆಥಾಲಜಿಸ್ಟರಿಂದ ಇನ್ನೊಬ್ಬರಿಗೆ ಬದಲಾಗುತ್ತದೆ. ಅದನ್ನೇ ಯಂತ್ರ ಸ್ಥಿರವಾಗಿ ಅಳೆದರೆ ನಿಜವಾದ ಉಪಯೋಗವಿದೆ. ನನ್ನ ಆಕ್ಷೇಪ ಬೇರೆ. ‘ನಮ್ಮ ಪಟ್ಟಿ ಭವಿಷ್ಯ ಹೇಳುತ್ತದೆ, ಆದ್ದರಿಂದ ನಾವು ಅಧ್ಯಯನ ಮಾಡಿದ ಪ್ರಕ್ರಿಯೆಯೇ ರೋಗಕ್ಕೆ ಕಾರಣ’ ಎಂಬ ತರ್ಕ ನೂರಾರು ಪ್ರಬಂಧಗಳಲ್ಲಿದೆ. ಈ ತರ್ಕಕ್ಕೆ ಕಾಲಿಲ್ಲ. ‘ಶೂನ್ಯಕ್ಕಿಂತ ಉತ್ತಮ’ ಎಂದು ತೋರಿಸಿದರೆ ಸಾಲದು. ಚೀಟಿ ಎತ್ತಿದ ಪಟ್ಟಿಗಿಂತ ಉತ್ತಮ, ಪೆಥಾಲಜಿಸ್ಟರ ಶ್ರೇಣಿಗಿಂತ ಉತ್ತಮ ಎಂದು ತೋರಿಸಬೇಕು.

‘ಕಾರಣ ಏನಾದರೂ ಇರಲಿ, ರೋಗಿಗೆ ಉಪಯೋಗವಾಯಿತಲ್ಲ’ ಎನ್ನುವವರೂ ಇದ್ದಾರೆ. ಅವರ ಬಳಿ ಎರಡು ದೊಡ್ಡ ಪ್ರಯೋಗಗಳಿವೆ. 2016ರಲ್ಲಿ ಪ್ರಕಟವಾದ ಮಿಂಡ್ಯಾಕ್ಟ್‌ನಲ್ಲಿ 6,693 ಮಹಿಳೆಯರಿದ್ದರು. ವೈದ್ಯರ ಲೆಕ್ಕದಲ್ಲಿ ಅಪಾಯ ಹೆಚ್ಚು, 70 ಜೀನ್‌ಗಳ ಲೆಕ್ಕದಲ್ಲಿ ಕಡಿಮೆ ಎಂದಿದ್ದವರಲ್ಲಿ ಕಿಮೊಥೆರಪಿ ಪಡೆಯದವರನ್ನು ನೋಡಿದಾಗ, ಐದು ವರ್ಷದ ನಂತರ 94.7% ಮಂದಿ ರೋಗ ದೂರಕ್ಕೆ ಹರಡದೆ ಬದುಕಿದ್ದರು. 2018ರ ಟೈಲರ್‌ಎಕ್ಸ್ ಪ್ರಯೋಗ 21 ಜೀನ್‌ಗಳ ಆಂಕೋಟೈಪ್ ಪರೀಕ್ಷೆಯದು. ಅಂಕ 11ರಿಂದ 25ರ ನಡುವೆ ಬಂದ ಮಹಿಳೆಯರಲ್ಲಿ ಒಟ್ಟಾರೆಯಾಗಿ ಹಾರ್ಮೋನ್ ಚಿಕಿತ್ಸೆಯೊಂದೇ ಸಾಕು, ಕಿಮೊ ಸೇರಿಸಿದರೆ ಹೆಚ್ಚಿನ ಲಾಭವಿಲ್ಲ ಎಂದು ತಿಳಿಯಿತು. ಸಾವಿರಾರು ಮಹಿಳೆಯರು ಬೇಡದ ಕಿಮೊದ ಯಾತನೆಯಿಂದ ಪಾರಾಗಿದ್ದಾರೆ. ಈ ಪ್ರಯೋಗಗಳ ಬಗ್ಗೆ ನನಗೆ ಆಳವಾದ ಗೌರವವಿದೆ. ಅವು ಗೆದ್ದದ್ದು ಪಟ್ಟಿಯ ಮಹಿಮೆಯಿಂದಲ್ಲ. ಕಿಮೊ ಬೇಕೋ ಬೇಡವೋ ಎಂಬ ಒಂದೇ ಪ್ರಶ್ನೆ ಕೇಳಿ, ರೋಗಿಗಳನ್ನು ಎರಡು ಗುಂಪು ಮಾಡಿ, ವರ್ಷಗಟ್ಟಲೆ ಕಾದದ್ದರಿಂದ.

ಕಾಯದವರ ಕತೆಯೂ ನಮ್ಮೆದುರಿಗಿದೆ. ಯಾವ ಗಡ್ಡೆಗೆ ಯಾವ ಔಷಧಿ ನಾಟುತ್ತದೆಂದು ಜೀನ್ ಅಭಿವ್ಯಕ್ತಿಯಿಂದ ಹೇಳಬಲ್ಲೆವೆಂದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡವೊಂದು 2006ರಲ್ಲಿ ಪ್ರಕಟಿಸಿತು. ರೋಗಿಗಳ ಮೇಲೆ ಪ್ರಯೋಗವೂ ಶುರುವಾಯಿತು. ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಸಂಖ್ಯಾಶಾಸ್ತ್ರಜ್ಞರಾದ ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಂಬ್ಸ್ ಆ ಲೆಕ್ಕವನ್ನು ಮತ್ತೆ ಮಾಡಿ ನೋಡಲು ಹೊರಟರು. ಜೀನ್‌ಗಳ ಹೆಸರು ಒಂದು ಸಾಲು ಕೆಳಕ್ಕೆ ಜಾರಿತ್ತು. ಔಷಧಿಗೆ ಮಣಿಯುವ ಕೋಶಗಳಿಗೂ ಮಣಿಯದವಕ್ಕೂ ಹಚ್ಚಿದ ಗುರುತು ಕೆಲವೆಡೆ ತಿರುವುಮುರುವಾಗಿತ್ತು. 2009ರಲ್ಲಿ ಅವರು ಇದನ್ನೆಲ್ಲ ಪ್ರಕಟಿಸಿದರು. ಪ್ರಯೋಗಗಳು ಕೊನೆಗೂ ನಿಂತವು, ಪ್ರಬಂಧಗಳು ಹಿಂದಕ್ಕೆ ಹೋದವು. ಸಂಶೋಧನೆಯಲ್ಲಿ ಅಕ್ರಮ ನಡೆದಿತ್ತೆಂದು ಅಮೆರಿಕ ಸರ್ಕಾರದ ಸಂಶೋಧನಾ ಪ್ರಾಮಾಣಿಕತೆಯ ಕಚೇರಿ 2015ರಲ್ಲಿ ನಿರ್ಣಯಿಸಿತು. ನಮ್ಮ ವೃತ್ತಿಯವರು ಮಾಡಿದ ಕೆಲಸಗಳಲ್ಲಿ ಬ್ಯಾಗರ್ಲಿ, ಕೂಂಬ್ಸ್ ಅವರ ಈ ತನಿಖೆಯನ್ನು ನಾನು ಅತ್ಯಂತ ಮೇಲಿನ ಸಾಲಿನಲ್ಲಿ ಇಡುತ್ತೇನೆ.

ಇನ್ನು ಹೃದಯ. ಗಡ್ಡೆಯನ್ನು ಶಸ್ತ್ರಕ್ರಿಯೆಯಲ್ಲಿ ಹೇಗೂ ತೆಗೆಯುತ್ತಾರೆ, ಅಂಗಾಂಶ ಸಿಗುತ್ತದೆ. ಬಡಿಯುವ ಹೃದಯದಿಂದ ತುಂಡು ಕೇಳುವುದು ಹೇಗೆ? ಹಾಗಾಗಿ ಹಳೆಯ ಅಧ್ಯಯನಗಳು ಬಹುಮಟ್ಟಿಗೆ ಕಸಿಯ ಹೊತ್ತಿನಲ್ಲಿ ಹೊರತೆಗೆದ ಸೋತ ಹೃದಯಗಳನ್ನು, ದಾನವಾಗಿ ಬಂದೂ ಕಸಿಗೆ ಬಳಸಲಾಗದ ಹೃದಯಗಳೊಂದಿಗೆ ಹೋಲಿಸಿದವು. ಸೋಲುವ ಹೃದಯ ಭ್ರೂಣದ ಕಾಲದ ಜೀನ್‌ಗಳನ್ನು ಮತ್ತೆ ಎಬ್ಬಿಸುತ್ತದೆ, ಕ್ಯಾಲ್ಸಿಯಂ ಪಂಪಿನ ಜೀನ್ ಕುಗ್ಗುತ್ತದೆ ಎಂಬುದು ಮೊದಲೇ ತಿಳಿದಿತ್ತು; ಅದು ಗಟ್ಟಿಯಾಯಿತು. ಉಳಿದ ನೂರಾರು ಜೀನ್‌ಗಳ ವಿಷಯದಲ್ಲಿ ನನಗೆ ದೊಡ್ಡ ಅನುಮಾನವಿದೆ. ಹೃದಯದ ತುಂಡೊಂದನ್ನು ಅರೆದು ಅಳೆಯುವುದು ದೂರದಿಂದ ಸಂತೆಯ ಗದ್ದಲ ಕೇಳಿದ ಹಾಗೆ: ಸದ್ದು ಹೆಚ್ಚಾಯಿತು ಸರಿ, ಇದ್ದವರೇ ಕೂಗಿದರೋ, ಜನ ಹೆಚ್ಚು ಬಂದರೋ ತಿಳಿಯದು. ಸೋತ ಹೃದಯದಲ್ಲಿ ನಾರುಕೋಶಗಳು ಹೆಚ್ಚುತ್ತವೆ. ಕೊಲಾಜೆನ್ ಜೀನ್ ಏರಿದ್ದಕ್ಕೆ ಅಷ್ಟೇ ಸಾಕು. 2020ರಲ್ಲಿ 14 ದಾನಿಗಳ ಹೃದಯಗಳಿಂದ ಸುಮಾರು 5 ಲಕ್ಷ ಕೋಶಗಳನ್ನೂ ಕೋಶಕೇಂದ್ರಗಳನ್ನೂ ಒಂದೊಂದಾಗಿ ಓದಿದ ನಕ್ಷೆ ಬಂತು. ಹೃತ್ಕುಕ್ಷಿಯಲ್ಲಿ ಸ್ನಾಯುಕೋಶಗಳ ಪಾಲು ಸುಮಾರು ಅರ್ಧ, ಹೃತ್ಕರ್ಣದಲ್ಲಿ ಸುಮಾರು 30% ಮಾತ್ರ. ಆರೋಗ್ಯವಂತ ಹೃದಯದೊಳಗೇ ಮಿಶ್ರಣ ಇಷ್ಟು ಬದಲಾಗುವಾಗ, ಮಿಶ್ರಣವನ್ನು ಲೆಕ್ಕಕ್ಕೆ ಹಿಡಿಯದ ಹಳೆಯ ಪಟ್ಟಿಗಳನ್ನು ರೋಗದ ಗುರುತೆಂದು ಇನ್ನೂ ಉಲ್ಲೇಖಿಸುವುದು ಸರಿಯಲ್ಲ.

ರಕ್ತದಿಂದ ಹೃದಯವನ್ನು ಓದುವ ಎರಡು ಪರೀಕ್ಷೆಗಳ ಗತಿ ನನ್ನ ವಾದಕ್ಕೆ ಬೇಕಾದ ಸಾಕ್ಷ್ಯ. ಆಲೊಮ್ಯಾಪ್ ಕಸಿಯಾದ ಹೃದಯವನ್ನು ದೇಹ ತಿರಸ್ಕರಿಸುತ್ತಿದೆಯೇ ಎಂದು ಬಿಳಿರಕ್ತಕಣಗಳಿಂದ ಕೇಳುತ್ತದೆ. 2010ರ ಪ್ರಯೋಗದಲ್ಲಿ 602 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಈ ರಕ್ತಪರೀಕ್ಷೆ, ಇನ್ನೊಂದಕ್ಕೆ ವಾಡಿಕೆಯ ಬಯಾಪ್ಸಿ ಮಾಡಿದರು. ಎರಡು ವರ್ಷದಲ್ಲಿ ಕೆಡುಕಾದವರು 14.5% ಮತ್ತು 15.3%; ಬಯಾಪ್ಸಿಗಳು ರೋಗಿಯೊಬ್ಬರಿಗೆ ವರ್ಷಕ್ಕೆ 3ರಿಂದ 0.5ಕ್ಕೆ ಇಳಿದವು. ಕಸಿಯಾದ ಮೊದಲ ಆರು ತಿಂಗಳಿನವರು ಆ ಪ್ರಯೋಗದಲ್ಲಿ ಇರಲಿಲ್ಲ ಎಂಬುದನ್ನು ಮರೆಯಬಾರದು. ಆದರೂ ಬಯಾಪ್ಸಿಗೆಂದು ಕುತ್ತಿಗೆಯ ರಕ್ತನಾಳದೊಳಗೆ ಕೊಳವೆ ಇಳಿಸುವುದು ಅಷ್ಟು ತಪ್ಪಿದರೆ ಅದು ಗಳಿಕೆಯೇ.

ಇನ್ನೊಂದು, 23 ಜೀನ್‌ಗಳ ಕೋರಸ್ ಸಿಎಡಿ. ಎದೆನೋವಿನವರಲ್ಲಿ ಹೃದಯದ ರಕ್ತನಾಳ ಕಟ್ಟಿಕೊಂಡಿದೆಯೇ ಎಂದು ಇದು ಹೇಳಬೇಕಿತ್ತು. ನಾವು ನೆನೆಯುತ್ತಿರುವ ಡಾಕ್ಟರು ಎದೆನೋವಿನವರು ಬಂದರೆ ಯಂತ್ರದ ಕಡೆ ನೋಡುವ ಮೊದಲು ವಯಸ್ಸು ಕೇಳುತ್ತಿದ್ದರು, ನೋವು ನಡೆದಾಗ ಬರುತ್ತದೋ ಕೂತಾಗಲೋ, ನಿಂತರೆ ಇಳಿಯುತ್ತದೋ ಎಂದು ವಿಚಾರಿಸುತ್ತಿದ್ದರೆಂದು ಅವರ ಶಿಷ್ಯರು ಹೇಳುತ್ತಾರೆ. ವಯಸ್ಸು, ಲಿಂಗ, ನೋವಿನ ಬಗೆ, ಇಷ್ಟರಿಂದಲೇ ಅಂದಾಜು ಮಾಡುವ ಹಳೆಯ ಡೈಮಂಡ್–ಫಾರೆಸ್ಟರ್ ಲೆಕ್ಕವಿದೆ. 2010ರ ಅಧ್ಯಯನದಲ್ಲಿ, 0.5 ಎಂದರೆ ಬರಿಯ ಅದೃಷ್ಟ, 1 ಎಂದರೆ ಪರಿಪೂರ್ಣ ಎನ್ನುವ ಅಳತೆಗೋಲಿನಲ್ಲಿ, ಹಳೆಯ ಲೆಕ್ಕಕ್ಕೆ 0.66 ಬಂತು, ಹೊಸ ಪರೀಕ್ಷೆಗೆ 0.70. ಹೊಸ ಪರೀಕ್ಷೆಯ ಸೂತ್ರದೊಳಗೇ ವಯಸ್ಸೂ ಲಿಂಗವೂ ಸೇರಿದ್ದವು! ಜೀನ್‌ಗಳು ತಾವಾಗಿ ಸೇರಿಸಿದ್ದು ಎಷ್ಟು ಎಂದು ಕೇಳಿದವರಿಗೆ ತೃಪ್ತಿಕರ ಉತ್ತರ ಸಿಗಲಿಲ್ಲ. ಅಮೆರಿಕದ ಮೆಡಿಕೇರ್ ಹಣ ಕೊಡುವುದನ್ನು ನಿಲ್ಲಿಸಿದ ಮೇಲೆ ಆ ಪರೀಕ್ಷೆಯನ್ನು ಮಾರುತ್ತಿದ್ದ ಕಂಪನಿ 2019ರಲ್ಲಿ ಮುಚ್ಚಿತು.

ಮತ್ತೆ ಸ್ತನ ಕ್ಯಾನ್ಸರಿಗೆ ಬರೋಣ. ಪರೀಕ್ಷೆ ಹೊಸದಾಗಿ ಏನು ಸೇರಿಸಿತು ಎಂಬ ಪ್ರಶ್ನೆ ನಮ್ಮ ದೇಶದಲ್ಲಿ ಬೇರೆ ರೂಪ ತಾಳುತ್ತದೆ. ಟೈಲರ್‌ಎಕ್ಸ್‌ನಲ್ಲಿ 50 ವರ್ಷದೊಳಗಿನವರಿಗೆ, ಅಂಕ 16ರಿಂದ 25 ಇದ್ದರೆ, ಕಿಮೊದಿಂದ ಸ್ವಲ್ಪ ಲಾಭ ಕಂಡಿತ್ತು. ಮಿಂಡ್ಯಾಕ್ಟ್‌ನ ಎಂಟು ವರ್ಷದ ಫಲಿತಾಂಶದಲ್ಲೂ 50ರೊಳಗಿನವರಲ್ಲಿ ಕಿಮೊ ಪಡೆದವರಿಗೂ ಪಡೆಯದವರಿಗೂ ಶೇಕಡಾ 5 ಅಂಶಗಳ ಅಂತರವಿತ್ತು. ಮೇಲ್ಪಟ್ಟವರಲ್ಲಿ ಅಂತರ ಇಲ್ಲವೆನ್ನುವಷ್ಟು. ಕಿಮೊ ಅಂಡಾಶಯದ ಕೆಲಸವನ್ನು ತಡೆಯುವುದರಿಂದ ಹೀಗಾಗಿರಬಹುದು ಎಂದು ಹಲವರ ಅಭಿಪ್ರಾಯ, ನನ್ನದೂ ಅದೇ. ಭಾರತದಲ್ಲಿ ಸ್ತನ ಕ್ಯಾನ್ಸರ್ ಪಶ್ಚಿಮದವರಿಗಿಂತ ಸುಮಾರು ಒಂದು ದಶಕ ಮೊದಲೇ ಬರುತ್ತದೆ. ಹಾಗಾದರೆ ಆ ದೇಶಗಳ ಅಂಕಗಳನ್ನು ಎತ್ತಿ ತಂದು ಇಲ್ಲಿಯ 45ರ ಹೆಂಗಸಿಗೆ ಹಚ್ಚುವುದು ಎಷ್ಟು ಸರಿ? ಬೆಂಗಳೂರಿನಲ್ಲೇ ರೂಪುಗೊಂಡ ಕ್ಯಾನ್‌ಅಸಿಸ್ಟ್ ಪರೀಕ್ಷೆ ಆರ್‌ಎನ್‌ಎ ಬಿಟ್ಟು ಐದು ಪ್ರೋಟೀನುಗಳನ್ನು ನೋಡುತ್ತದೆ. ಅದನ್ನೂ ನಾನು ಇದೇ ಕಟಕಟೆಯಲ್ಲಿ ನಿಲ್ಲಿಸಿ ಕೇಳುತ್ತೇನೆ: ಶ್ರೇಣಿ, ಗಾತ್ರ, ದುಗ್ಧಗ್ರಂಥಿ ಇವುಗಳಿಂದ ತಿಳಿಯುವುದರ ಮೇಲೆ ಎಷ್ಟು ಸೇರಿಸಿತು?

ಈ ಸಭೆಯಲ್ಲಿ ಪೆಥಾಲಜಿಸ್ಟರು ಹಲವರಿದ್ದೀರಿ. ನಿಮ್ಮ ವಿಭಾಗಗಳ ಕಪಾಟುಗಳಲ್ಲಿ ಮೇಣದಲ್ಲಿ ಹುದುಗಿಸಿದ ಗಡ್ಡೆಯ ಬ್ಲಾಕ್‌ಗಳಿವೆ. ಅವುಗಳಿಂದ ಇಂದು ಆರ್‌ಎನ್‌ಎ ತೆಗೆಯಬಹುದು; ಆಂಕೋಟೈಪ್ ಬೆಳೆದದ್ದೇ ಅಂಥ ಹಳೆಯ ಬ್ಲಾಕ್‌ಗಳ ಮೇಲೆ. ಆದರೆ ಬ್ಲಾಕಿನ ಸಂಖ್ಯೆಯ ಪಕ್ಕದಲ್ಲಿ, ಆ ಮಹಿಳೆ ಕಿಮೊ ಪಡೆದಳೇ, ಐದು ವರ್ಷದ ಮೇಲೆ ಹೇಗಿದ್ದಾಳೆ, ಹತ್ತು ವರ್ಷದ ಮೇಲೆ ಹೇಗಿದ್ದಾಳೆ ಎಂಬ ಎರಡು ಸಾಲು ಬೇಕು. ಫೋನ್ ಮಾಡಿ ಕೇಳಲು ಒಬ್ಬ ಸಹಾಯಕರ ಸಂಬಳ ಸಾಕು. ಸೀಕ್ವೆನ್ಸಿಂಗ್ ಯಂತ್ರಕ್ಕೆ ಅನುದಾನ ಕೇಳುವ ಅರ್ಜಿಯಲ್ಲಿ ಆ ಸಂಬಳವನ್ನು ಮೊದಲ ಸಾಲಿನಲ್ಲಿ ಬರೆಯಿರಿ ಎಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ.