ಉಡಿದಾರದ ಲೆಕ್ಕ



ಹೊಸೂರು ರಸ್ತೆಯ ಪಕ್ಕದ ಒಂದು ಚಿಕ್ಕ ಕ್ಲಿನಿಕ್ಕಿನಲ್ಲಿ ಇಪ್ಪತ್ತೆರಡು ವರ್ಷದಿಂದ ರೋಗಿಗಳನ್ನು ನೋಡುತ್ತಿದ್ದೇನೆ. ಇಷ್ಟು ವರ್ಷದಲ್ಲಿ ನನ್ನ ಮೇಜಿಗೆ ಅತಿ ಹೆಚ್ಚು ಸಲ ಬಂದ ಕಾಗದವೆಂದರೆ ಕಾರ್ಖಾನೆ, ಐಟಿ ಕಂಪನಿಗಳ ವಾರ್ಷಿಕ ಆರೋಗ್ಯ ತಪಾಸಣೆಯ ಹಾಳೆ. ಎತ್ತರ, ತೂಕ, ಕೆಳಗೆ ಬಿಎಂಐ, ಅದರ ಪಕ್ಕದಲ್ಲಿ ಒಂದು ಪದ: ನಾರ್ಮಲ್. ಇವತ್ತು ಆ ಪದದ ಬಗ್ಗೆಯೇ ಮಾತಾಡಬೇಕೆಂದು ಬಂದಿದ್ದೇನೆ.

ರಾಯಚೂರು ಕಡೆಯ ಹುಡುಗನೊಬ್ಬ, ಮೂವತ್ನಾಲ್ಕು ವರ್ಷ, ಸದಾ ರಾತ್ರಿ ಪಾಳಿ. ಕಾಲಿನ ಗಾಯ ಒಣಗುತ್ತಿಲ್ಲ ಎಂದು ಬಂದ. ಸಣ್ಣ ಕೈಕಾಲು, ಒಳಸರಿದ ಕೆನ್ನೆ. ಎತ್ತರ 166 ಸೆಂಟಿಮೀಟರ್, ತೂಕ 62 ಕಿಲೋ. ಖಾಲಿ ಹೊಟ್ಟೆಯ ಸಕ್ಕರೆ 188 ಬಂತು. ಅವನು ನಂಬಲಿಲ್ಲ. ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದು, "ನಾರ್ಮಲ್ ಅಂತ ಬರ್ದಾರ ನೋಡ್ರೀ ಸರ್" ಎಂದ. ಬಿಎಂಐ 22.5. ಬರೆದವರು ಲೆಕ್ಕದಲ್ಲಿ ತಪ್ಪಿರಲಿಲ್ಲ. ಅಂಗಿ ಎತ್ತಿಸಿ ಟೇಪು ಹಿಡಿದೆ: ಸೊಂಟದ ಸುತ್ತಳತೆ 93 ಸೆಂಟಿಮೀಟರ್. ಪ್ಯಾಂಟಿನ ಸೈಜು ಮದುವೆಯಾದಾಗ ಇದ್ದ 32 ಇಂಚೇ ಇತ್ತು, ಏಕೆಂದರೆ ಬೆಲ್ಟು ವರ್ಷ ವರ್ಷಕ್ಕೂ ಜಾರುತ್ತಾ ಹೊಟ್ಟೆಯ ಕೆಳಗೆ ಬಂದು ನಿಂತಿತ್ತು.

ಬಿಎಂಐ ಎಂದರೆ ಏನು? ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿ, ಅಷ್ಟೇ. ಈ ಸೂತ್ರಕ್ಕೆ ಬೀಜ ಹಾಕಿದ ಅಡಾಲ್ಫ್ ಕೆಟಲೆ ವೈದ್ಯನಲ್ಲ. ಬೆಲ್ಜಿಯಂ ದೇಶದ ಖಗೋಳಜ್ಞ, ಸಂಖ್ಯಾಶಾಸ್ತ್ರಜ್ಞ. ಬೆಳೆದ ಮನುಷ್ಯರ ತೂಕ ಎತ್ತರದ ವರ್ಗಕ್ಕೆ ಹೊಂದಿಕೊಂಡು ಏರುತ್ತದೆ ಎಂದು 1830ರ ದಶಕದಲ್ಲಿ ಅವನು ಗುರುತಿಸಿದ. ಅವನು ಹುಡುಕುತ್ತಿದ್ದದ್ದು 'ಸರಾಸರಿ ಮನುಷ್ಯ'ನನ್ನು. ಒಬ್ಬ ರೋಗಿಯ ಹಣೆಬರಹ ಹೇಳುವ ಯೋಚನೆಯೇ ಅವನಿಗೆ ಇರಲಿಲ್ಲ. ಆಮೇಲೆ 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಗಂಡಸರನ್ನು ಅಳೆದು, ಆಗ ಬಳಕೆಯಲ್ಲಿದ್ದ ಸೂತ್ರಗಳನ್ನೆಲ್ಲ ಹೋಲಿಸಿ, ಇದಕ್ಕೆ ಬಿಎಂಐ ಎಂಬ ಹೆಸರಿಟ್ಟರು. ಆ ಐದು ದೇಶಗಳಲ್ಲಿ ಭಾರತ ಇಲ್ಲ. ಹೆಂಗಸರಂತೂ ಇಲ್ಲವೇ ಇಲ್ಲ. 25 ದಾಟಿದರೆ ತೂಕ ಹೆಚ್ಚು, 30 ದಾಟಿದರೆ ಬೊಜ್ಜು ಎಂಬ ಗೆರೆಗಳು ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಜಗತ್ತಿಗೆಲ್ಲ ಹರಡಿದ್ದು 1990ರ ದಶಕದಲ್ಲಿ. ಆ ಗೆರೆಗಳು ಬಹುಮಟ್ಟಿಗೆ ಯುರೋಪು, ಅಮೆರಿಕದ ಮೈಗಳನ್ನು ನೋಡಿ ಎಳೆದವು.

ನಮ್ಮ ಮೈ ಬೇರೆ. ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ಫೋಟೊ. ಅದರಲ್ಲಿ ಇಬ್ಬರು ವೈದ್ಯರು ಪಕ್ಕ ಪಕ್ಕ ನಿಂತಿದ್ದಾರೆ: ಪುಣೆಯ ಚಿತ್ತರಂಜನ್ ಯಾಜ್ನಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಕೂಡ 22.3. ಮೈಯೊಳಗಿನ ಕೊಬ್ಬು ಅಳೆದಾಗ ಯುಡ್ಕಿನ್ ಅವರದು ಶೇ. 9.1, ಯಾಜ್ನಿಕ್ ಅವರದು ಶೇ. 21.2. ಒಂದೇ ಅಂಕಿಯ ಹಿಂದೆ ಎರಡು ಪಟ್ಟಿಗೂ ಮೀರಿದ ಕೊಬ್ಬು ಅಡಗಿತ್ತು.

ಇದು ಎಲ್ಲಿಂದ ಶುರುವಾಗುತ್ತದೆ ಎಂಬ ಪ್ರಶ್ನೆಗೆ ಉತ್ತರದ ಒಂದು ದೊಡ್ಡ ಪಾಲು ನಮ್ಮ ಮೈಸೂರಿನಲ್ಲಿದೆ. ಕನ್ನಡಿಗರಾಗಿ ನಾವು ಇದನ್ನು ತಿಳಿದಿರಲೇಬೇಕು ಎಂಬುದು ನನ್ನ ಆಸೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೂ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲೆಯಲ್ಲಿ ಬರೆದಿಟ್ಟುಕೊಂಡು ಬಂತು. ಆ ಶಿಸ್ತಿಗೆ ಬೆಲೆ ಬಂದದ್ದು ಅರವತ್ತು ವರ್ಷದ ಮೇಲೆ. ಆ ಕೂಸುಗಳಲ್ಲಿ ಮೈಸೂರಿನಲ್ಲೇ ಉಳಿದು ಮಧ್ಯವಯಸ್ಸಿಗೆ ಬಂದವರನ್ನು ಹುಡುಕಿ, ಐನೂರಕ್ಕೂ ಹೆಚ್ಚು ಜನರ ಹೃದಯ ಪರೀಕ್ಷೆ ಮಾಡಿದರು. 1996ರಲ್ಲಿ ಫಲಿತಾಂಶ ಬಂತು: ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ. ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ಶೇ. 3. ಮುಂದೆ ಅದೇ ಆಸ್ಪತ್ರೆಯಲ್ಲಿ 1997ರ ಸುಮಾರಿಗೆ ಪಾರ್ಥೆನಾನ್ ಎಂಬ ಅಧ್ಯಯನ ಶುರುವಾಯಿತು. ಮೈಸೂರಿನ ಕೂಸುಗಳು ಇಂಗ್ಲೆಂಡಿನ ಕೂಸುಗಳಿಗಿಂತ ತೂಕದಲ್ಲಿ, ಉದ್ದದಲ್ಲಿ ಸಣ್ಣವು. ಆದರೆ ಬೆನ್ನಿನ ರೆಕ್ಕೆಮೂಳೆಯ ಕೆಳಗೆ ಚರ್ಮ ಚಿವುಟಿ ಹಿಡಿದು ಅಳೆದರೆ ಅಲ್ಲಿನ ಕೊಬ್ಬು ಮಾತ್ರ ಕಡಿಮೆಯಾಗಿರಲಿಲ್ಲ. ನಾಲ್ಕನೇ ವರ್ಷದಲ್ಲಿ ನೋಡಿದಾಗಲೂ ಅದೇ ಕಥೆ. ಬಾಣಂತಿಯ ಮಡಿಲಲ್ಲಿ ಸಣ್ಣಗೆ ಕಾಣುವ ಕೂಸು ಮಾಂಸಖಂಡದಲ್ಲಿ ಬಡವ, ನಡುಮೈಯ ಕೊಬ್ಬಿನಲ್ಲಿ ಬಡವನಲ್ಲ.

ಕೊಬ್ಬು ಎಲ್ಲಿ ಕೂತಿದೆ ಎಂಬುದು ಎಷ್ಟಿದೆ ಎಂಬುದಕ್ಕಿಂತ ದೊಡ್ಡ ವಿಷಯ. ತೊಡೆ, ಪೃಷ್ಠದ ಚರ್ಮದಡಿಯ ಕೊಬ್ಬು ಬಹುಮಟ್ಟಿಗೆ ಸುಮ್ಮನಿರುತ್ತದೆ. ಕರುಳಿನ ಸುತ್ತ ತುಂಬಿಕೊಂಡ ಕೊಬ್ಬು ಹಾಗಲ್ಲ. ಅದರಿಂದ ಕರಗಿ ಬರುವ ಕೊಬ್ಬಿನಾಮ್ಲಗಳು ನೇರವಾಗಿ ಯಕೃತ್ತಿಗೆ ಹರಿಯುತ್ತವೆ. ಯಕೃತ್ತಿನಲ್ಲಿ ಕೊಬ್ಬು ಕಟ್ಟುತ್ತದೆ, ಅದು ಇನ್ಸುಲಿನ್ನಿನ ಮಾತು ಕೇಳುವುದನ್ನು ಬಿಡುತ್ತದೆ. ಊಟದ ಸಕ್ಕರೆಯನ್ನು ಹೀರಿಕೊಳ್ಳಬೇಕಾದ ಮಾಂಸಖಂಡವೋ ಮೊದಲೇ ಕಡಿಮೆ. ತಕ್ಕಡಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಅದರ ಪಾಲಿಗೆ ಒಂದು ಕಿಲೋ ಮಾಂಸಖಂಡ, ಒಂದು ಕಿಲೋ ಹೊಟ್ಟೆಯ ಕೊಬ್ಬು ಎರಡೂ ಒಂದೇ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತನ್ನೇ ತೆಗೆದುಕೊಳ್ಳಿ, 2019ರಿಂದ 2021ರವರೆಗಿನದು. ಬಿಎಂಐ 25 ಮುಟ್ಟಿದ ಹೆಂಗಸರು ದೇಶದಲ್ಲಿ ಶೇ. 24. ಸೊಂಟ ಮತ್ತು ನಿತಂಬದ ಸುತ್ತಳತೆಗಳನ್ನು ಹೋಲಿಸಿ ನೋಡಿದರೆ ಅಪಾಯದ ಗೆರೆ ಮುಟ್ಟಿದವರು ಅರ್ಧಕ್ಕಿಂತ ಹೆಚ್ಚು, ಶೇ. 56ರ ಮೇಲೆ. ಈ ಎರಡು ಅಂಕಿಗಳ ನಡುವೆ ಬರುವ ಕೋಟ್ಯಂತರ ಹೆಂಗಸರಿಗೆ ತಕ್ಕಡಿಯಿಂದ ಯಾವ ಎಚ್ಚರಿಕೆಯೂ ಸಿಕ್ಕಿಲ್ಲ. ನಮ್ಮ ಹೊಸೂರು ರಸ್ತೆಯನ್ನೇ ನೋಡಿ: ಹೆಬ್ಬಗೋಡಿಯಲ್ಲಿ ಬಯೋಕಾನ್, 2004ರಲ್ಲಿ ಇನ್ಸುಲಿನ್ ಮಾರುಕಟ್ಟೆಗೆ ತಂದ ಸಂಸ್ಥೆ, ಸ್ವಲ್ಪ ಮುಂದೆ ಬೊಮ್ಮಸಂದ್ರದಲ್ಲಿ ನಾರಾಯಣ ಹೃದಯಾಲಯ. ಸಕ್ಕರೆ ಕಾಯಿಲೆಯ ಔಷಧಿ, ಹೃದಯದ ಆಪರೇಷನ್ ಎರಡೂ ನಮ್ಮ ಮನೆ ಬಾಗಿಲಲ್ಲೇ ಇವೆ. ಅವು ಬೇಕಾಗುವ ಹತ್ತು ವರ್ಷ ಮೊದಲೇ ಸಿಗಬೇಕಾದ ಸೂಚನೆ ಮಾತ್ರ ನಮ್ಮ ಹಾಳೆಯಲ್ಲಿ ಇಲ್ಲ.

ಈ ಅಂಕಿ ಇನ್ನೊಂದು ಕಡೆಗೂ ತಪ್ಪುತ್ತದೆ. ಗೋದಾಮಿನಲ್ಲಿ ಲೋಡಿಂಗ್ ಮಾಡುವ ಒಬ್ಬ ಅಣ್ಣ, ಊರಿನಲ್ಲಿ ಕಬಡ್ಡಿ ಆಡಿ ಬೆಳೆದ ಮೈ, 169 ಸೆಂಟಿಮೀಟರ್, 76 ಕಿಲೋ. ಬಿಎಂಐ 26.6. ಸೊಂಟ 80 ಸೆಂಟಿಮೀಟರ್, ರಕ್ತದ ಒತ್ತಡ, ಸಕ್ಕರೆ ಎಲ್ಲ ಸರಿ. ಒಂದು ಕಡೆ ಕೆಲಸಕ್ಕೆ ಸೇರಲು ಹೋದಾಗ ಬೊಜ್ಜು ಎಂದು ಬರೆದು ವಾಪಸು ಕಳಿಸಿದರು. ಅವನ ತೋಳು ಹಿಡಿದು ನೋಡಿದ್ದರೆ ಸಾಕಿತ್ತು. ಆ ದಿನ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಹಾಗೆಂದು ಬಿಎಂಐ ಬಿಸಾಡಿ ಎನ್ನುತ್ತಿಲ್ಲ. ಊರಿಗೆ ಊರನ್ನೇ ಅಳೆಯಲು ಇಷ್ಟು ಅಗ್ಗದ, ಸುಲಭದ ದಾರಿ ಇನ್ನೊಂದಿಲ್ಲ. 18.5ಕ್ಕಿಂತ ಕೆಳಗಿರುವವರನ್ನು ಹುಡುಕಲು ಅದು ಬೇಕೇ ಬೇಕು. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ಹೆಂಗಸರಲ್ಲಿ ಒಬ್ಬರು ಆ ಗೆರೆಯ ಕೆಳಗಿದ್ದಾರೆ. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೆಳಿಗ್ಗೆ ತಿಂಡಿ ಬಿಟ್ಟು ಬಸ್ಸು ಹತ್ತುವುದನ್ನು ದಿನಾ ನೋಡುವ ನನಗೆ ಅದು ಆಶ್ಚರ್ಯವಲ್ಲ. 30 ದಾಟಿದವರಲ್ಲೂ ಅದು ತಪ್ಪುವುದು ಅಪರೂಪ. ಕೈಕೊಡುವುದು ನಡುವಿನ ಜಾಗದಲ್ಲಿ, ಅಂದರೆ ನಮ್ಮಲ್ಲಿ ಬಹಳ ಜನ ಇರುವ ಜಾಗದಲ್ಲಿ. ಭಾರತದ ತಜ್ಞರು 2009ರಲ್ಲೇ ನಮಗಾಗಿ ಗೆರೆ ಇಳಿಸಿದರು: 23ಕ್ಕೆ ತೂಕ ಹೆಚ್ಚು, 25ಕ್ಕೆ ಬೊಜ್ಜು, ಸೊಂಟ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಆದರೂ ನನ್ನ ಮೇಜಿಗೆ ಬರುವ ಎಷ್ಟೋ ಹಾಳೆಗಳಲ್ಲಿ 24.9ರವರೆಗೂ ನಾರ್ಮಲ್ ಎಂದೇ ಅಚ್ಚಾಗಿರುತ್ತದೆ. 2025ರ ಜನವರಿಯಲ್ಲಿ ಲ್ಯಾನ್ಸೆಟ್ ಬಳಗದ ಆಯೋಗವೂ ಬಿಎಂಐ ಒಂದನ್ನೇ ನಂಬಿ ಯಾರನ್ನೂ ಬೊಜ್ಜಿನ ರೋಗಿ ಎನ್ನಬೇಡಿ, ಸೊಂಟದ ಅಳತೆಯನ್ನೂ ಸೇರಿಸಿ ಎಂದಿದೆ.

ಈಗ ಉಡಿದಾರಕ್ಕೆ ಬರುತ್ತೇನೆ. ನಮ್ಮಜ್ಜಿಯ ಮನೆಯಲ್ಲಿ ತಕ್ಕಡಿ ಇದ್ದದ್ದು ರಾಗಿ ತೂಗಲು. ಕೂಸುಗಳಿಗೆ ಉಡಿದಾರ. ಸಡಿಲವಾಗಿ ಜಾರಿದರೆ ಮಗು ಸೊರಗಿದೆ ಎನ್ನುತ್ತಿದ್ದಳು. ಬಿಗಿಯಾದರೆ ಬಿಚ್ಚಿ ಹೊಸದು ಕಟ್ಟುತ್ತಿದ್ದಳು. ಇವತ್ತಿಗೂ ಆನೇಕಲ್ ಕಡೆಯ ಹಳ್ಳಿಗಳಿಂದ ಬರುವ ಗಂಡಸರ ಸೊಂಟದಲ್ಲಿ ಕಪ್ಪು ದಾರ ಇರುತ್ತದೆ. ಹೊಟ್ಟೆ ಮುಟ್ಟಿ ನೋಡಲು ಮಲಗಿಸಿದಾಗ ಎಷ್ಟೋ ಸಲ ಆ ದಾರ ಕಾಣುವುದೇ ಇಲ್ಲ, ಚರ್ಮದ ಮಡಿಕೆಯೊಳಗೆ ಹೂತಿರುತ್ತದೆ. ಬೆರಳಲ್ಲಿ ಬಿಡಿಸಿ ಎತ್ತಿದರೆ ಕೆಳಗೆ ಕೆಂಪು ಗೆರೆ. "ಇದನ್ನ ಕಟ್ಟಿದ್ದು ಯಾವಾಗ?" ಎಂದು ಕೇಳುತ್ತೇನೆ. "ಮೂರು ವರ್ಷ ಆಯ್ತು ಡಾಕ್ಟ್ರೇ, ಆವಾಗ ಸಡ್ಲವಾಗೇ ಇತ್ತು." ಮೂರು ವರ್ಷದ ಆರೋಗ್ಯ ವರದಿಯನ್ನು ಆ ದಾರ ಬರೆದಿಟ್ಟಿರುತ್ತದೆ. ತಕ್ಕಡಿಯಲ್ಲಿ ಆ ಮೂರು ವರ್ಷಕ್ಕೆ ಏರಿದ್ದು ಕೆಲವೊಮ್ಮೆ ಎರಡೇ ಕಿಲೋ.

ಬಾಗಿಲ ಬಳಿಯ ಮೇಜಿನ ಮೇಲೆ ದಾರದ ಉಂಡೆ, ಕತ್ತರಿ ಇಟ್ಟಿದ್ದೇನೆ. ಹೋಗುವಾಗ ಒಬ್ಬರಿಗೊಬ್ಬರು ಸಹಾಯ ಮಾಡಿ. ಅಂಗಾಲಿನಿಂದ ನೆತ್ತಿಯವರೆಗೆ ನಿಮ್ಮ ಎತ್ತರದಷ್ಟು ದಾರ ಕತ್ತರಿಸಿಕೊಳ್ಳಿ. ಅದನ್ನು ಸರಿಯಾಗಿ ಅರ್ಧಕ್ಕೆ ಮಡಚಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಬೆಲ್ಟಿನ ಜಾಗದಲ್ಲಲ್ಲ, ಮೈಸುತ್ತ ತನ್ನಿ. ಉಸಿರು ಹಿಡಿದು ಹೊಟ್ಟೆ ಒಳಗೆಳೆಯಬೇಡಿ. ಸಹಜವಾಗಿ ಉಸಿರು ಬಿಟ್ಟ ಮೇಲೆ ನೋಡಿ. ಎರಡು ತುದಿ ಕೂಡಿದರೆ ಸರಿ. ಕೂಡದೆ ನಡುವೆ ಜಾಗ ಉಳಿದರೆ, ನಿಮ್ಮ ಹಾಳೆಯಲ್ಲಿ ಏನೇ ಬರೆದಿರಲಿ, ಈ ವಾರದಲ್ಲೇ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿ. ಬಸುರಿಯರಿಗೆ ಈ ಅಳತೆ ಬೇಡ. ರಾಯಚೂರಿನ ಆ ಹುಡುಗನ ಅರ್ಧ ದಾರ 83 ಸೆಂಟಿಮೀಟರ್. ಅವನ ತುದಿಗಳ ನಡುವೆ ನನ್ನ ಅಂಗೈ ಅಗಲದ ಜಾಗ ಉಳಿದಿತ್ತು. ಪಾಳಿ ಬದಲಿಸಿಕೊಂಡು, ರಾತ್ರಿ ಹನ್ನೆರಡರ ಅನ್ನ ಬಿಟ್ಟು, ಮಾತ್ರೆ ತಪ್ಪಿಸದೆ ನುಂಗಿ, ದಿನಾ ಕ್ಯಾಂಟೀನಿನಿಂದ ಗೇಟಿನವರೆಗೆ ನಾಲ್ಕು ಸುತ್ತು ನಡೆದ. ಹದಿನಾಲ್ಕು ತಿಂಗಳ ಮೇಲೆ ಅದೇ ದಾರ ತಂದು ನನ್ನೆದುರೇ ಸುತ್ತಿಕೊಂಡ. ಇನ್ನು ಎರಡು ಬೆರಳಷ್ಟು ಬಾಕಿ ಇತ್ತು.